ಚೀಟಿ ಕೊಡುವ ಕಿಟಕಿಯಲ್ಲಿ ಊರು ಕೇಳಬೇಕೇ?

ಹುಬ್ಬಳ್ಳಿಯ ವಿದ್ಯಾನಗರದ ಓದುಗರೊಬ್ಬರು ಬರೆದಿದ್ದಾರೆ: ತಾಯಿಯವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಾಗ ಹೊರರೋಗಿ ವಿಭಾಗದ ಸಾಲಿನಲ್ಲಿ ಬಿಹಾರ, ಜಾರ್ಖಂಡ್, ಒಡಿಶಾ ಕಡೆಯ ಕೂಲಿಕಾರರೇ ತುಂಬಿದ್ದರು, ಮಧ್ಯಾಹ್ನದವರೆಗೂ ತಮ್ಮ ಸರದಿ ಬರಲಿಲ್ಲ. ಆದ್ದರಿಂದ ಕರ್ನಾಟಕದ ಪಡಿತರ ಚೀಟಿ ಇದ್ದವರಿಗೆ ಮಾತ್ರ ಉಚಿತ ಚಿಕಿತ್ಸೆ ಕೊಟ್ಟು, ಉಳಿದವರಿಂದ ಪೂರ್ತಿ ಖರ್ಚು ವಸೂಲು ಮಾಡಬೇಕು. “ನಮ್ಮ ತೆರಿಗೆ, ನಮ್ಮ ಆಸ್ಪತ್ರೆ” ಎಂಬುದು ಅವರ ವಾದ.

ಮಾನ್ಯರೇ, ವಯಸ್ಸಾದ ತಾಯಿಯನ್ನು ಬೆಂಚಿನ ಮೇಲೆ ಕೂಡಿಸಿ ಕಾದ ನಿಮ್ಮ ಸಂಕಟ ಸುಳ್ಳಲ್ಲ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡಗಳಿಂದಲೂ ರೋಗಿಗಳು ಬರುವ ಊರು ನಮ್ಮದು. ಹಾಸಿಗೆಗಳೂ ವೈದ್ಯರೂ ಸಾಲುತ್ತಿಲ್ಲ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಸಾಲು ಉದ್ದವಾದ ಸಿಟ್ಟನ್ನು ಸಾಲಿನಲ್ಲಿ ನಿಂತವನ ಮೇಲೆ ತೀರಿಸಿಕೊಳ್ಳುವುದು ನಿಮ್ಮಂಥ ತಿಳಿದವರಿಗೆ ಶೋಭಿಸುವುದಿಲ್ಲ.

ನೀವು ಬಯಸುವಂಥ ನಿಯಮವನ್ನು ಇನ್ನೊಬ್ಬರು ನಮ್ಮ ಜನರ ಮೇಲೆಯೇ ಹೂಡಿ ನೋಡಿದ್ದಾರೆ. 2018ರ ಜನವರಿಯಿಂದ ಗೋವಾ ಸರ್ಕಾರ ಬಾಂಬೋಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಹೊರರಾಜ್ಯದವರಿಗೆ ಶುಲ್ಕ ವಿಧಿಸತೊಡಗಿತು. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ದೀನದಯಾಳ ಸ್ವಾಸ್ಥ್ಯ ಸೇವಾ ಯೋಜನೆಯ ಕಾರ್ಡು ಬೇಕೆಂದರೆ ಐದು ವರ್ಷ ಗೋವಾದಲ್ಲಿ ನೆಲೆಸಿರಬೇಕು. ವಾಸ್ಕೋದ ಬೈನಾದಲ್ಲಿ, ಜುವಾರಿನಗರದಲ್ಲಿ ಬಾಡಿಗೆ ಖೋಲಿ ಹಿಡಿದು ಬದುಕುವವರು ಯಾರೆಂದು ನಿಮಗೆ ತಿಳಿಯದೇ? ಮಳೆ ಕೈಕೊಟ್ಟ ವರ್ಷ ನಮ್ಮ ಊರುಗಳಿಂದ, ತಾಂಡಾಗಳಿಂದ ಗುಳೆ ಹೋದವರು. ಅಂಥ ಒಬ್ಬ ಹೆಣ್ಣುಮಗಳನ್ನು ಮುಂಡರಗಿಯ ಬಸ್ ನಿಲ್ದಾಣದಲ್ಲಿ ಕಂಡಿದ್ದೆ. ದಿನ ತುಂಬಿದ ಬಸುರಿ, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಊರಿಗೆ ಮರಳಿದ್ದಳು. ಬಸುರಿಯರ ತಪಾಸಣೆ ಬರೆದಿಡುವ ‘ತಾಯಿ ಕಾರ್ಡ’ನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಪಾನ ಮಾಡಿದ್ದಳಾದರೂ ಮೂರನೆಯ ತಿಂಗಳಿನಿಂದ ಆಚೆ ತೂಕ, ಬಿಪಿ, ರಕ್ತದ ಮನೆಗಳೆಲ್ಲ ಖಾಲಿ ಇದ್ದವು. “ಅಲ್ಲೇ ತೋರಿಸಬಾರದಿತ್ತೇನವ್ವಾ?” ಎಂದು ಕೇಳಿದೆ. “ಈ ಕಾರ್ಡ್ ಅಲ್ಲಿ ನಡಿಯಂಗಿಲ್ರಿ, ಅಲ್ಲೀದು ಬ್ಯಾರೆ ಕೇಳ್ತಾರ” ಎಂದಳು. ಜಾರ್ಖಂಡದ ಹೆಣ್ಣುಮಗಳೊಬ್ಬಳು ನಮ್ಮ ಬಗ್ಗೆ ಇದೇ ಮಾತನ್ನು ತನ್ನ ಭಾಷೆಯಲ್ಲಿ ಆಡಬೇಕೆಂಬುದು ನಿಮ್ಮ ಅಪೇಕ್ಷೆಯಾಗಿರಲಾರದು.

ಕಾನೂನೂ ನಿಮ್ಮ ಕೈ ಹಿಡಿಯುವುದಿಲ್ಲ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕಾರ್ಮಿಕನೊಬ್ಬ ಸರ್ಕಾರಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಕಡೆಗೆ ಖಾಸಗಿಯವರಿಗೆ ದುಡ್ಡು ತೆತ್ತ ಪ್ರಕರಣದಲ್ಲಿ, ತುರ್ತು ಚಿಕಿತ್ಸೆ ಸಿಗದಿರುವುದು ಜೀವಿಸುವ ಹಕ್ಕನ್ನು ಕಾಯುವ ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪಿತ್ತಿತು. ದೆಹಲಿಯ ಗುರು ತೇಗ್ ಬಹಾದ್ದೂರ್ ಆಸ್ಪತ್ರೆಯಲ್ಲಿ ಶೇ 80ರಷ್ಟು ಹಾಸಿಗೆಗಳನ್ನು ದೆಹಲಿಯವರಿಗೇ ಮೀಸಲಿಟ್ಟ ಸುತ್ತೋಲೆಯನ್ನು ಅಲ್ಲಿನ ಹೈಕೋರ್ಟ್ 2018ರಲ್ಲಿ ರದ್ದುಪಡಿಸಿತು.

ಇನ್ನು ತೆರಿಗೆಯ ಮಾತು. ಗೋಕುಲ ರಸ್ತೆಯಲ್ಲಿ ಸೆಂಟ್ರಿಂಗ್ ಕಟ್ಟುವ ಹುಡುಗ ಸಾಬೂನಿನಿಂದ ಮೊಬೈಲ್ ರೀಚಾರ್ಜಿನವರೆಗೆ ನಿಮ್ಮಷ್ಟೇ ಜಿಎಸ್‌ಟಿ ಕೊಡುತ್ತಾನೆ. ಅವನು ಏರಿಸುವ ಕಟ್ಟಡದ ವೆಚ್ಚದಲ್ಲಿ ಶೇ 1ರಷ್ಟು ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತದೆ. ಆದರೆ ಅಲ್ಲಿಂದ ವೈದ್ಯಕೀಯ ನೆರವು ಬೇಕಾದರೆ 90 ದಿನ ದುಡಿದ ದಾಖಲೆ ತರಬೇಕು, ಸೈಟಿನಿಂದ ಸೈಟಿಗೆ ಅಲೆಯುವವನಿಗೆ ಆ ಕಾಗದಕ್ಕೆ ಸಹಿ ಹಾಕುವ ಗುತ್ತಿಗೆದಾರ ಎಲ್ಲಿ ಸಿಗುತ್ತಾನೆ? ಆಯುಷ್ಮಾನ್ ಭಾರತದ 5 ಲಕ್ಷ ರೂಪಾಯಿಯ ರಕ್ಷಣೆ ರಾಜ್ಯದ ಗಡಿ ದಾಟಿದರೂ ನಡೆಯುತ್ತದೆ ನಿಜ. ಆದರೆ ಅದು ದಾಖಲಾದವರಿಗೆ, ಜ್ವರಕ್ಕೆ ಚೀಟಿ ಬರೆಸಿಕೊಳ್ಳುವವರಿಗಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆಯಂತೆ ಐದು ಜನರನ್ನು ಕರೆತಂದ ಗುತ್ತಿಗೆದಾರನೂ ಅವರ ಚಿಕಿತ್ಸೆಯ ಹೊಣೆ ಹೊರಬೇಕಿತ್ತು. 2020ರ ಹೊಸ ಕಾರ್ಮಿಕ ಸಂಹಿತೆ ಆ ಐದನ್ನು ಹತ್ತಕ್ಕೇರಿಸಿದಾಗ ಈ ಪತ್ರಿಕೆಗೆ ಒಂದೇ ಒಂದು ಆಕ್ಷೇಪದ ಪತ್ರ ಬರಲಿಲ್ಲ. ಹೊಸ ಬಡಾವಣೆಯ ರಸ್ತೆ ಡಾಂಬರು ಕಾಣದಿದ್ದರೆ ಮಾತ್ರ ನಮ್ಮ ಅಂಚೆಯ ಚೀಲ ಹಿಡಿಯಲಾಗದಷ್ಟು ತುಂಬಿರುತ್ತದೆ.

ಸಾಲು ಕರಗಬೇಕೆಂದರೆ ಬೇರೆ ಕಡೆ ನೋಡಬೇಕು. ರಾಜ್ಯ ಸರ್ಕಾರದ ಉಚಿತ ಚಿಕಿತ್ಸೆಯ ‘ನಮ್ಮ ಕ್ಲಿನಿಕ್’ ಯೋಜನೆಗೆ 2022ರ ಡಿಸೆಂಬರಿನಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೈರಿದೇವರಕೊಪ್ಪದಲ್ಲಿಯೇ. ಆಗ ಗೊತ್ತುಮಾಡಿದ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30. ತಾರಿಹಾಳದ ಕಾರ್ಖಾನೆಯಲ್ಲಿ ದುಡಿಯುವವನು ಆ ಹೊತ್ತಿಗೆ ಪಾಳಿ ಬಿಟ್ಟು ಬಂದರೆ ಅಂದಿನ ಪಗಾರ ಹೋಯಿತು. ಹೀಗಾಗಿ ಔಷಧಿ ಅಂಗಡಿಯ ಗುಳಿಗೆಯಲ್ಲೇ ದಿನ ನೂಕಿ, ಮೇಲೇಳಲೂ ಆಗದಂತಾದಾಗ ದೊಡ್ಡ ಆಸ್ಪತ್ರೆಗೆ ಬಂದು ನಿಮ್ಮ ತಾಯಿಯವರ ಮುಂದೆ ನಿಲ್ಲುತ್ತಾನೆ. ಕೆಮ್ಮು ಕ್ಷಯವಾಗಿದ್ದರಂತೂ ತಿಂಗಳುಗಟ್ಟಲೆ ಬಿಡದೆ ಔಷಧಿ ನುಂಗಬೇಕು; ದುಡ್ಡು ಕೇಳಿ ಅವನನ್ನು ನಡುವೆಯೇ ಓಡಿಸಿದರೆ ಔಷಧಿಗೆ ಜಗ್ಗದ ಕ್ಷಯ ಅದೇ ಖೋಲಿಯಲ್ಲಿ, ಅದೇ ಸಿಟಿ ಬಸ್ಸಿನಲ್ಲಿ ಹಬ್ಬುತ್ತದೆ.

ಕೈಗಾರಿಕಾ ಪ್ರದೇಶಗಳ ಹತ್ತಿರದ ಕ್ಲಿನಿಕ್ಕುಗಳನ್ನು ರಾತ್ರಿ 9ರವರೆಗೆ ತೆರೆದಿಡಬೇಕು, ಹಿಂದಿ ಬಲ್ಲ ಒಬ್ಬ ನರ್ಸ್ ಅಲ್ಲಿರಬೇಕು ಎಂದು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಪತ್ರ ಬರೆಯಿರಿ. ನಿಮ್ಮ ಭಾಷೆ ಚುರುಕಾಗಿದೆ, ಬರೆಯಬಲ್ಲಿರಿ. ಅದರ ಪ್ರತಿ ನಮಗೂ ಬರಲಿ, ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇವೆ.

– ಸಂಪಾದಕ