ಬಳೆ ಅಗಲದ ರಿಂಗ್, ಮತ್ತು ನೀವು ಕೊನೆಗೆ ಬರೆದ ಒಂದು ಸಾಲು

ಪ್ರಶ್ನೆ: ಮೇಡಂ, ನನಗೆ 31 ವರ್ಷ. ಮನೆ ಹುಬ್ಬಳ್ಳಿ, ಕೆಲಸ ಧಾರವಾಡದಲ್ಲಿ. ಮಗಳಿಗೆ ಮೂರು ವರ್ಷ, ಸದ್ಯಕ್ಕೆ ಇನ್ನೊಂದು ಮಗು ಬೇಡ. ಬೆಳಿಗ್ಗೆ ಡಬ್ಬಿ ಕಟ್ಟಿ, ಮಗಳನ್ನು ಅತ್ತೆ ಕೈಗೆ ಕೊಟ್ಟು ಚಿಗರಿ ಬಸ್ ಹಿಡಿಯುವ ಗಡಿಬಿಡಿಯಲ್ಲಿ ಗರ್ಭನಿರೋಧಕ ಮಾತ್ರೆ ಮರೆತೇ ಹೋಗುತ್ತದೆ. ಅಮೆರಿಕದಲ್ಲಿರುವ ವಾರಗಿತ್ತಿ ಊರಿಗೆ ಬಂದಾಗ ಎರಡು ವಜೈನಲ್ ರಿಂಗ್ (ಬಸಿರಾಗದಂತೆ ಯೋನಿಯೊಳಗೆ ಇಟ್ಟುಕೊಳ್ಳುವ ಬಳೆ) ಕೊಟ್ಟು ಹೋಗಿದ್ದಾಳೆ. ಅದು ಹೊಟ್ಟೆಯೊಳಗೆ ಹೋಗಿಬಿಟ್ಟರೆ? ಗಂಡನಿಗೆ ಚುಚ್ಚುತ್ತಾ? ನನಗೆ ಬೇರೆ ಕಾಯಿಲೆ ಇಲ್ಲ. ಆಗಾಗ ಅರೆತಲೆನೋವು, ಅದಕ್ಕೂ ಮೊದಲು ಕಣ್ಣ ಮುಂದೆ ಮಿಂಚಿನಂಥ ಗೆರೆಗಳು ಬರುತ್ತವೆ, ಅಷ್ಟೇ.

ಉತ್ತರ: "ಅಷ್ಟೇ" ಅಂದಿರಲ್ಲ, ನನಗೆ ಅದೇ ದೊಡ್ಡ ವಿಷಯ. ಅದಕ್ಕೆ ಬರುತ್ತೇನೆ, ಮೊದಲು ನಿಮ್ಮ ಭಯ ನೋಡೋಣ.

ದುರ್ಗದಬೈಲಿನ ಬಳೆ ಅಂಗಡಿಯಲ್ಲಿ 2.2 ಸೈಜು ಅಂತಾರಲ್ವಾ, ಈ ರಿಂಗ್ ಹೆಚ್ಚುಕಡಿಮೆ ಅಷ್ಟೇ ಅಗಲ, 54 ಮಿಲಿಮೀಟರ್. ಆದರೆ ಬಳೆಯ ಹಾಗೆ ಗಟ್ಟಿ ಅಲ್ಲ. ಮೆತ್ತಗೆ, ಎರಡು ಬೆರಳಲ್ಲಿ ಒತ್ತಿದರೆ ಮಡಚಿಕೊಳ್ಳುತ್ತದೆ. ಒಳಗೆ ಕಳೆದುಹೋಗುವುದಿಲ್ಲ, ಯಾಕೆಂದರೆ ಮೇಲ್ಗಡೆ ಗರ್ಭಕೋಶದ ಬಾಯಿ ಇದೆ, ಅದನ್ನು ದಾಟಿ ಹೋಗುವಷ್ಟು ದಾರಿಯೇ ಇಲ್ಲ. ಗಂಡನಿಗೆ ಚುಚ್ಚುವುದಿಲ್ಲ, ಕೆಲವರಿಗೆ ಇದೆ ಅಂತ ಗೊತ್ತಾಗಬಹುದು. ಮೂರು ವಾರ ಇಟ್ಟು ತೆಗೆಯಬೇಕು, ಒಂದು ವಾರ ಬಿಡುವು, ಆಗ ಮುಟ್ಟು ಬರುತ್ತದೆ. ಆಮೇಲೆ ಹೊಸದು. ನಡುವೆ ಜಾರಿ ಬಿದ್ದು ಮೂರು ತಾಸಿಗಿಂತ ಜಾಸ್ತಿ ಹೊರಗಿದ್ದರೆ ನಂಬುವ ಹಾಗಿಲ್ಲ, ಏಳು ದಿನ ಕಾಂಡೋಮ್ ಬೇಕು. ಎಲ್ಲ ಸರಿಯಾಗಿ ಪಾಲಿಸಿದರೆ ವರ್ಷಕ್ಕೆ 100 ಮಂದಿಯಲ್ಲಿ ಒಬ್ಬರೂ ಬಸಿರಾಗುವುದು ಅಪರೂಪ. ಆದರೆ ಮನುಷ್ಯರು ಮರೆಯುತ್ತಾರೆ, ಹಾಗಾಗಿ ನಿಜವಾದ ಬಳಕೆಯಲ್ಲಿ ಅದು ಸುಮಾರು ಏಳು ಮಂದಿ. ಮಾತ್ರೆಗೂ ಇದೇ ಲೆಕ್ಕ.

ಮಾತ್ರೆಗೂ ಅಂದೆನಲ್ಲ, ವಿಷಯ ಇರುವುದೇ ಅಲ್ಲಿ. ರಿಂಗ್ ನೋಡೋಕೆ ಬೇರೆ, ಆದರೆ ಅದರಿಂದ ರಕ್ತಕ್ಕೆ ಸೇರುವುದು ಮಾಲಾ-ಎನ್ ಥರದ ಮಾತ್ರೆಯಲ್ಲಿರುವಂಥದ್ದೇ ಎರಡು ಬಗೆಯ ಹಾರ್ಮೋನು. ಅದರಲ್ಲಿ ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ಹೆಚ್ಚಿಸುತ್ತದೆ. ಕಣ್ಣ ಮುಂದೆ ಮಿಂಚು ಬಂದು ಆಮೇಲೆ ತಲೆ ಸಿಡಿಯುವ ಮೈಗ್ರೇನ್ ಇದ್ದವರಿಗೆ ಇದರಿಂದ ಪಾರ್ಶ್ವವಾಯುವಿನ ಅಪಾಯ ಜಾಸ್ತಿ. ಹಾಗಾಗಿ ನಿಮಗೆ ರಿಂಗ್ ಬೇಡ. ನೀವು ಈಗ ಮರೆಮರೆತು ನುಂಗುತ್ತಿರುವ ಮಾತ್ರೆಯೂ ಬಹುಶಃ ಅದೇ ಬಗೆಯದು. ಆ ಮಾತ್ರೆಯ ಸ್ಟ್ರಿಪ್ ಹಿಡಿದುಕೊಂಡು ಈ ವಾರವೇ ಸ್ತ್ರೀರೋಗ ಡಾಕ್ಟರನ್ನು ಕಾಣಿರಿ, ಅಲ್ಲಿಯವರೆಗೆ ಕಾಂಡೋಮ್ ಬಳಸಿ. ನಡುವೆ ಕೈ ಸೋತರೆ, ಮಾತು ತೊದಲಿದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಮರೆಯುವವರಿಗೆ ನನ್ನ ಮೊದಲ ಆಯ್ಕೆ ಗರ್ಭಕೋಶದೊಳಗೆ ಹಾಕುವ ಕಾಪರ್-ಟಿ. ಹಾರ್ಮೋನು ಇಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ, 380-ಎ ಎಂಬ ಬಗೆಯದಾದರೆ ಹತ್ತು ವರ್ಷ ನಡೆಯುತ್ತದೆ, ಇನ್ನೊಂದು ಮಗು ಬೇಕೆಂದಾಗ ತೆಗೆಸಬಹುದು. ಮೊದಲ ಕೆಲವು ತಿಂಗಳು ಮುಟ್ಟು ಜೋರಾಗಬಹುದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಎದೆಗೆ ಏರುತ್ತದೆ ಅಂತ ಯಾರಾದರೂ ಹೆದರಿಸಿದರೆ ನಕ್ಕು ಸುಮ್ಮನಾಗಿ. ಅದು ಬೇಡವಾದರೆ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ಬಗ್ಗೆ ಕೇಳಿ. ಅದರಲ್ಲಿ ಈಸ್ಟ್ರೋಜನ್ ಇಲ್ಲ.

ಇನ್ನು ವಾರಗಿತ್ತಿ ಕೊಟ್ಟ ಆ ಎರಡು ರಿಂಗ್. ಪ್ರೀತಿಯಿಂದಲೇ ತಂದಿದ್ದಾಳೆ, ಬೈಯಬೇಡಿ. ಆದರೆ ಔಷಧಿ ಸೀರೆಯಲ್ಲ, ಒಬ್ಬರಿಗೆ ಒಪ್ಪಿದ್ದು ಇನ್ನೊಬ್ಬರಿಗೆ ಕೊಡಲಾಗದು. ನಾದಿನಿಗೂ ದಾಟಿಸಬೇಡಿ ಮತ್ತೆ.