ಸ್ವೀಡನ್ನಿನ ಕ್ಲಾರೆಲ್ವೆನ್ ನದಿಯಲ್ಲಿ ಸಾಲ್ಮನ್ ಮೀನನ್ನು ಲಾರಿಯಲ್ಲಿ ಅಣೆಕಟ್ಟು ದಾಟಿಸುತ್ತಾರಂತೆ. ಅಷ್ಟು ಸಾಕಾಗಲ್ವಾ?

ಸಾಕಾಗಲ್ಲ. ಲಾರಿ ಮೀನನ್ನು ಮೇಲಕ್ಕೆ ಒಯ್ಯುತ್ತದೆ ಅಷ್ಟೇ. ತೊಂದರೆ ಇರುವುದು ಕೆಳಗೆ ಬರುವಾಗ.

ಈ ಸಾಲ್ಮನ್ ಸಮುದ್ರ ಸೇರುವುದೇ ಇಲ್ಲ. ವೇನರ್ನ್ ಸರೋವರವೇ ಅದರ ಸಮುದ್ರ. ಅಲ್ಲಿ ಬೆಳೆದು, ಮೊಟ್ಟೆಯಿಡಲು ನದಿ ಹತ್ತುತ್ತದೆ. ದಾರಿಯಲ್ಲಿ ಸಾಲು ಸಾಲು ಅಣೆಕಟ್ಟುಗಳು. ಅದಕ್ಕೇ ಫೋರ್ಸ್‌ಹಾಗಾದಲ್ಲಿ ಮೀನನ್ನು ಹಿಡಿದು, ಎಂಟು ವಿದ್ಯುತ್ ಸ್ಥಾವರಗಳನ್ನು ದಾಟಿಸಿ ಮೇಲೆ ಬಿಡುತ್ತಾರೆ.

ಮರಿಗಳು ಕೆಲವು ವರ್ಷ ನದಿಯಲ್ಲೇ ಬೆಳೆದು, ವಸಂತದಲ್ಲಿ ಸರೋವರದತ್ತ ಹೊರಡುತ್ತವೆ. ಅವು ನೀರಿನ ಹರಿವಿನ ಜೊತೆಗೇ ಸಾಗುತ್ತವೆ, ಹರಿವು ಹೋಗುವುದು ನೇರ ಟರ್ಬೈನಿಗೆ! ಒಂದು ಸ್ಥಾವರದಲ್ಲಿ ಹೆಚ್ಚಿನವು ಪಾರಾಗಬಹುದು. ಆದರೆ ಹತ್ತರಲ್ಲಿ ಒಂಬತ್ತು ಪ್ರತಿ ಸಲ ಉಳಿದವು ಅಂದುಕೊಂಡರೂ, ಎಂಟು ದಾಟುವಷ್ಟರಲ್ಲಿ ಉಳಿಯುವುದು ಶೇ. 43 ಮಾತ್ರ. ಅಣೆಕಟ್ಟಿನ ಹಿಂದಿನ ನಿಂತ ನೀರಿನಲ್ಲಿ ದೊಡ್ಡ ಮೀನುಗಳು ತಿನ್ನುವುದು ಬೇರೆ.

ಇದನ್ನು ತಿಳಿಯಲು ಮರಿಗಳಿಗೆ ಪುಟ್ಟ ರೇಡಿಯೋ ಟ್ಯಾಗ್ ಹಾಕಿ, ಎಲ್ಲಿ ಕಳೆದುಹೋದವು ಅಂತ ನೋಡುತ್ತಾರೆ. ಸಾಕಣೆ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ನದಿಗೆ ಬಿಡುವ ಮೊದಲು, ಬಾಲದ ಹತ್ತಿರ ಬೆನ್ನಿನ ಮೇಲಿರುವ ಸಣ್ಣ ರೆಕ್ಕೆಯನ್ನು ಕತ್ತರಿಸುತ್ತಾರೆ. ಆ ರೆಕ್ಕೆ ಇದ್ದರೆ ನದಿಯಲ್ಲೇ ಹುಟ್ಟಿದ ಮೀನು. ಗುರುತು ಬಲು ಸುಲಭ, ಅಲ್ವಾ?

ನನ್ನ ಪ್ರಕಾರ ಸುಮ್ನೆ ಇನ್ನಷ್ಟು ಸಾಕಿದ ಮರಿ ಬಿಡುವುದಕ್ಕಿಂತ ಇಳಿಯುವ ದಾರಿ ಸರಿಮಾಡುವುದೇ ಮೇಲು. ಟರ್ಬೈನಿನ ಮುಂದೆ ಓರೆಯಾಗಿ ಕಿರಿದಾದ ಸಂದಿನ ಸರಳುಗಳ ಜಾಲರಿ, ಪಕ್ಕದಲ್ಲಿ ಮರಿ ಇಳಿಯಲೊಂದು ಕಾಲುವೆ, ಮರಿ ಇಳಿಯುವ ವಾರಗಳಲ್ಲಿ ಗೇಟಿನಿಂದ ಜಾಸ್ತಿ ನೀರು. ಆ ನೀರಿನಿಂದ ವಿದ್ಯುತ್ ಬರಲ್ಲ, ಜಗಳ ಇರುವುದೂ ಅಲ್ಲೇ.