ಹಳೆಯ ಪ್ಲಾಸ್ಟಿಕ್ ಕವರ್‌ಗಳಿಂದ ಬಾಗಿಲ ಮ್ಯಾಟ್ ಹೆಣೆಯಬಹುದೇ? ದಾರ ಮಾಡುವುದು ಹೇಗೆ?

ಹೆಣೆಯಬಹುದು. ಕರ್ನಾಟಕದಲ್ಲಿ 2016ರಲ್ಲೇ ಕವರ್ ನಿಷೇಧವಾದರೂ ಅಟ್ಟದ ಮೇಲೊಂದು ಗಂಟು ಇದ್ದೇ ಇರುತ್ತದಲ್ಲ, ಅದು ಸಾಕು. 40×60 ಸೆಂ.ಮೀ. ಮ್ಯಾಟಿಗೆ ಸುಮಾರು 80–100 ಕವರ್ ಬೇಕು.

ಮೆತ್ತನೆಯ, ಕೈಹಿಡಿ ಇರುವ ತರಕಾರಿ ಕವರ್‌ಗಳನ್ನೇ ಆರಿಸಿ. ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲ ಬೇಡ, ಎಳೆದರೆ ಹರಿಯುತ್ತದೆ. ತೊಳೆದು ಪೂರ್ತಿ ಒಣಗಿಸಿ.

ಕವರನ್ನು ಚಪ್ಪಟೆಯಾಗಿ ಹಾಸಿ, ಕೈಹಿಡಿ ಮತ್ತು ತಳದ ಅಂಟು ಕತ್ತರಿಸಿ ತೆಗೆಯಿರಿ. ಈಗ ಅಡ್ಡಡ್ಡಲಾಗಿ, 3 ಸೆಂ.ಮೀ. ಅಗಲಕ್ಕೆ ಕತ್ತರಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಉದ್ದಕ್ಕೆ ಕತ್ತರಿಸಿದರೆ ಬಿಡಿ ಪಟ್ಟಿ ಬರುತ್ತದೆ, ಅಡ್ಡಕ್ಕೆ ಕತ್ತರಿಸಿದರೆ ಬಳೆಯಂಥ ಸುತ್ತು. ನಮಗೆ ಬೇಕಾದ್ದು ಸುತ್ತು.

ಜೋಡಿಸಲು, ಒಂದು ಸುತ್ತನ್ನು ಇನ್ನೊಂದರೊಳಗೆ ಅರ್ಧ ತೂರಿಸಿ, ಅದರ ಒಂದು ತುದಿಯನ್ನು ಅದರದೇ ಇನ್ನೊಂದು ತುದಿಯೊಳಗಿಂದ ಹೊರಗೆಳೆಯಿರಿ. ಗಂಟು ನಿಧಾನವಾಗಿ ಬಿಗಿಯಲಿ. ಜಗ್ಗಿದರೆ ಪ್ಲಾಸ್ಟಿಕ್ ಹಿಗ್ಗಿ ತೆಳ್ಳಗಾಗಿ ಅಲ್ಲೇ ತುಂಡಾಗುತ್ತದೆ. ಹೀಗೆ ಎರಡೆಳೆಯ ದಾರ ಸಿಗುತ್ತದೆ, ಉಂಡೆ ಸುತ್ತಿಡಿ.

ಹೆಣೆಯಲು 8 ಮಿ.ಮೀ. ಕ್ರೋಶಾ ಕಡ್ಡಿ. ಹೊಲಿಗೆ ಸಡಿಲವಾಗಿರಲಿ: ಪ್ಲಾಸ್ಟಿಕ್ ಉಣ್ಣೆಯಂತೆ ಜಾರುವುದಿಲ್ಲ, ಬಿಗಿ ಹಾಕಿದರೆ ಮುಂದಿನ ಸಾಲಿಗೆ ಕಡ್ಡಿಯೇ ತೂರದು, ಮಣಿಕಟ್ಟೂ ನೋಯುತ್ತದೆ. ಅಂಚು ಒಳಕ್ಕೆ ಸರಿಯುತ್ತಿದ್ದರೆ ಪ್ರತಿ ಸಾಲಿನ ಹೊಲಿಗೆ ಎಣಿಸಿ, ಕೊನೆಯದು ತಪ್ಪಿಹೋಗಿರುತ್ತದೆ.

ಬಿಸಿಲು ಬೀಳುವ ಜಾಗದಲ್ಲಿ ಹಾಸಬೇಡಿ. ಕೆಲವೇ ತಿಂಗಳಲ್ಲಿ ಗರಿಗರಿಯಾಗಿ ಚೂರು ಉದುರತೊಡಗುತ್ತದೆ. ಬಚ್ಚಲ ಬಾಗಿಲಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ.